ಮೆಟ್ರೊ ಮಾರ್ಗದ ಅಂದಾಜಿನಲ್ಲಿ ಮೊದಲು ನೋಡಬೇಕಾದ್ದು ತಾರೀಖು

ಹೊಸ ಮೆಟ್ರೊ ಮಾರ್ಗದ ಡಿಪಿಆರ್ (ವಿಸ್ತೃತ ಯೋಜನಾ ವರದಿ) ಬಂದ ಕೂಡಲೇ ಎಲ್ಲರ ಕಣ್ಣು ಒಟ್ಟು ಮೊತ್ತದ ಮೇಲೆ ಹೋಗುತ್ತದೆ. ಯೋಜನಾ ವಿಭಾಗದಲ್ಲಿ ಕೂತವರು ಅದಕ್ಕೂ ಮೊದಲು, ಆ ಮೊತ್ತ ಯಾವ ತಿಂಗಳ ದರದ್ದು ಎಂದು ನೋಡಬೇಕು. ದರ ವರ್ಷಕ್ಕೆ ಶೇ 5ರಂತೆ ಏರುತ್ತದೆ ಎಂದು ಹಿಡಿದರೂ, 100 ಕೋಟಿಯ ಕೆಲಸ ಐದು ವರ್ಷ ತಡವಾದರೆ 127 ಕೋಟಿ ದಾಟುತ್ತದೆ. ಅಷ್ಟು ದಿನದ ಸಾಲದ ಬಡ್ಡಿ ಬೇರೆ. ಬೆಂಗಳೂರಿನ ‘ನಮ್ಮ ಮೆಟ್ರೊ’ ಮೊದಲ ಹಂತ 2006ರಲ್ಲಿ ಮಂಜೂರಾದಾಗ 33 ಕಿ.ಮೀ.ಗೆ 6,395 ಕೋಟಿ ರೂಪಾಯಿ ಅಂದಾಜಿತ್ತು. 2017ರಲ್ಲಿ 42.3 ಕಿ.ಮೀ. ಮುಗಿಯುವ ಹೊತ್ತಿಗೆ ವೆಚ್ಚ 13,800 ಕೋಟಿ ದಾಟಿತ್ತು. ಹೆಚ್ಚಿದ ಉದ್ದವನ್ನು ಅದೇ ಅನುಪಾತದಲ್ಲಿ ಸೇರಿಸಿದರೆ ಬರುವುದು 8,200 ಕೋಟಿಯಷ್ಟೇ. ಮಿಕ್ಕ ಏರಿಕೆಯಲ್ಲಿ ಕಾಲದ್ದೂ ಜಮೀನಿನದೂ ದೊಡ್ಡ ಪಾಲು.

2017ರ ಕೇಂದ್ರ ಮೆಟ್ರೊ ನೀತಿಯ ಪ್ರಕಾರ ಡಿಪಿಆರ್‌ಗೆ ಮುಂಚೆ ಎರಡು ಕೆಲಸ ಆಗಿರಬೇಕು: ಇಡೀ ನಗರದ ಸಮಗ್ರ ಸಂಚಾರ ಯೋಜನೆ, ಮತ್ತು ಬಸ್, ಲೈಟ್ ರೈಲು, ಮೆಟ್ರೊ ಇವುಗಳಲ್ಲಿ ಈ ದಾರಿಗೆ ಯಾವುದು ತಕ್ಕದ್ದು ಎಂಬ ತುಲನೆ. ಟಿಕೆಟ್ ಲಾಭ ಮಾತ್ರವಲ್ಲದೆ ಜನರ ಸಮಯ, ಇಂಧನ, ಅಪಘಾತಗಳ ಉಳಿತಾಯವನ್ನೂ ಸೇರಿಸಿ ತೆಗೆದ ಆರ್ಥಿಕ ಪ್ರತಿಫಲ ಶೇ 14 ಮುಟ್ಟಬೇಕು. ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ಶೇ 14 ಬರುವವರೆಗೆ ಪ್ರಯಾಣಿಕರ ಸಂಖ್ಯೆಯನ್ನು ಏರಿಸುತ್ತಾ ಹೋಗುವುದು. ಹಾಗೆ ಏರಿಸಿದ ಸಂಖ್ಯೆ ಮುಂದೆ ಪ್ಲಾಟ್‌ಫಾರ್ಮ್ ಉದ್ದಕ್ಕೆ, ಬೋಗಿಗಳಿಗೆ, ಕೊನೆಗೆ ಸಾಲ ತೀರಿಸುವ ಲೆಕ್ಕಕ್ಕೂ ಹೊಕ್ಕುಬಿಡುತ್ತದೆ.

ಹಣ ಪದರ ಪದರವಾಗಿ ಬರುತ್ತದೆ. ನಮ್ಮ ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್ ಕೇಂದ್ರ ಮತ್ತು ರಾಜ್ಯದ ಸಮಪಾಲಿನ ಕಂಪನಿಯಾದ್ದರಿಂದ ಎರಡೂ ಸಮನಾದ ಷೇರು ಬಂಡವಾಳ ಹಾಕುತ್ತವೆ. ಅದರ ಮೇಲೆ ತೆರಿಗೆಯಂಥ ಬಾಬತ್ತುಗಳಿಗೆ ಬಡ್ಡಿಯಿಲ್ಲದ ಸಬಾರ್ಡಿನೇಟ್ ಸಾಲ, ಅಂದರೆ ಬೇರೆ ಸಾಲಗಳು ತೀರಿದ ಮೇಲೆ ಮರಳಿಸುವ ಸಾಲ. ಜಮೀನಿನ ಭಾರ ರಾಜ್ಯದ್ದು. ಉಳಿದ ದೊಡ್ಡ ಭಾಗ ಹೊರಗಿನ ಸಾಲ: ನಾಗವಾರದ ಗುಲಾಬಿ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮತ್ತು ಎಐಐಬಿ (ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್), ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗಕ್ಕೆ ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಮತ್ತು ಜಪಾನಿನ ನೆರವು ಸಂಸ್ಥೆ ಜೈಕಾ.

ಸಾಲ ಕೊಡುವವರಿಗೆ ತಮ್ಮದೇ ಖರೀದಿ ನಿಯಮಗಳಿರುತ್ತವೆ. ಅವರ ಒಪ್ಪಿಗೆಗೆ ಕಾಯದೆ, ನಮ್ಮ ಮಾಮೂಲಿ ನಮೂನೆಯಲ್ಲಿ ಟೆಂಡರ್ ಕರೆದು ಗುತ್ತಿಗೆ ಕೊಟ್ಟುಬಿಟ್ಟರೆ ಆ ಪ್ಯಾಕೇಜ್ (ಒಂದು ಗುತ್ತಿಗೆಯಡಿ ಬರುವ ಕೆಲಸದ ಭಾಗ) ಆ ಸಾಲದಿಂದ ಹೊರಗೇ ಉಳಿಯಬಹುದು. ಆಗ ಅದನ್ನು ದುಬಾರಿ ದೇಶೀ ಸಾಲದಲ್ಲೋ ಸರ್ಕಾರದ ಹಣದಲ್ಲೋ ಮಾಡಬೇಕು. ಆದ್ದರಿಂದ ಯಾವ ಪ್ಯಾಕೇಜ್‌ಗೆ ಯಾರ ದುಡ್ಡು ಎಂಬುದನ್ನು ಟೆಂಡರ್ ದಾಖಲೆ ಬರೆಯುವ ಮುನ್ನವೇ ಗಟ್ಟಿ ಮಾಡಿಕೊಳ್ಳಬೇಕು. ಪರಿಹಾರ ಕೈಸೇರುವ ಮುನ್ನ ಮನೆ ಒಡೆಯಬಾರದು ಎಂಬ ಷರತ್ತೂ ಈ ಸಾಲಗಳ ಜೊತೆಗೇ ಬರುತ್ತದೆ. ಅದು ನ್ಯಾಯವಾದ ಷರತ್ತು, ಅದಕ್ಕೆ ಬೇಕಾದ ತಿಂಗಳುಗಳನ್ನು ವೇಳಾಪಟ್ಟಿಯಲ್ಲೇ ಬಿಡಬೇಕು.

ಹೆಚ್ಚು ಕಾಲ ತಿನ್ನುವುದು ಜಮೀನು. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ಹೋದರೆ ಅದರ ಕಾಯ್ದೆಯ ಸೆಕ್ಷನ್ 28(1) ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಯ ವಿಚಾರಣೆ, 28(4) ಅಂತಿಮ ಅಧಿಸೂಚನೆ, ಪರಿಹಾರ, ಸ್ವಾಧೀನ. ಕಾಗದದ ಮೇಲೆ ನೇರ ದಾರಿ. ಸ್ಥಳದಲ್ಲಿ ಮಾತ್ರ ಖಾತೆ ಅಜ್ಜನ ಹೆಸರಲ್ಲಿ, ಸ್ವಾಧೀನದಲ್ಲಿ ಮೂವರು ಅಣ್ಣತಮ್ಮಂದಿರು, ಕೆಳಗೆ ಅಂಗಡಿಯ ಬಾಡಿಗೆದಾರರು. ಹಕ್ಕಿನ ತಗಾದೆ ಇದ್ದರೆ ಪರಿಹಾರವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬೇಕಾಗುತ್ತದೆ. ನೂರರಲ್ಲಿ ತೊಂಬತ್ತೈದು ಆಸ್ತಿ ಸಿಕ್ಕಿದೆ ಎಂಬ ವರದಿಗೆ ಸಮಾಧಾನಪಡಬೇಡಿ. ಉಳಿದ ಐದರಲ್ಲಿ ಒಂದು ನಿಲ್ದಾಣದ ಮೆಟ್ಟಿಲು ಇಳಿಯುವ ಜಾಗದಲ್ಲಿದ್ದರೆ ನಿಲ್ದಾಣವೇ ನಿಲ್ಲುತ್ತದೆ. ವರದಿಯಲ್ಲಿ ಶೇಕಡಾವಾರು ಬೇಡ, ಸಿಗದ ಆಸ್ತಿ ಯಾವ ಕಂಬದ ನಂಬರಿನ ಪಕ್ಕದ್ದು ಎಂದು ಬರೆಯಬೇಕು. ಮರಗಳದ್ದೂ ಹಾಗೆಯೇ: ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಅಹವಾಲು ಕೇಳಲೇಬೇಕು. ಇನ್ನು ನೀರಿನ ಕೊಳವೆ, ವಿದ್ಯುತ್ ಕೇಬಲ್ಲುಗಳ ನಕ್ಷೆಯನ್ನು ನಂಬಿ ಕಂಬದ ಅಡಿಪಾಯ ಕೊರೆಯುವ ಪೈಲಿಂಗ್ ಯಂತ್ರ ಇಳಿಸಬಾರದು. ಪ್ರತಿ ಕಂಬದ ಜಾಗದಲ್ಲೂ ಕೈಯಿಂದ ಪರೀಕ್ಷಾ ಗುಂಡಿ ತೋಡಿಸಿ ನೋಡಬೇಕು.

ಕಂಬ, ಹಳಿ, ನಿಲ್ದಾಣ ಎಲ್ಲ ಸಿದ್ಧವಿದ್ದೂ ಮಾರ್ಗ ತೆರೆಯಲಾಗದ ಸ್ಥಿತಿ ಬರುವುದು ರೈಲಿನಿಂದ. ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ 19.15 ಕಿ.ಮೀ., 16 ನಿಲ್ದಾಣ. 2025ರ ಆಗಸ್ಟ್‌ನಲ್ಲಿ ಅದು ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಶುರುವಾಯಿತು. ಲೆಕ್ಕ ಸರಳ: ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 35 ನಿಮಿಷ, ಎರಡೂ ಕಡೆ ತಿರುಗಲು ತಲಾ ಐದು ಹಿಡಿದರೆ ಒಂದು ಸುತ್ತಿಗೆ 80 ನಿಮಿಷ. ಅದನ್ನು ಮೂರರಿಂದ ಭಾಗಿಸಿದರೆ ಹತ್ತಿರಹತ್ತಿರ 27. ಐದು ನಿಮಿಷಕ್ಕೊಂದು ಬೇಕೆಂದರೆ 16 ರೈಲು ಓಡಬೇಕು, ದುರಸ್ತಿಗೆ ಬಿಡುವವು ಬೇರೆ. ರೈಲು ಬಂದ ದಿನವೇ ಓಡುವುದೂ ಇಲ್ಲ. ಹೊಸ ಮಾದರಿಯಾದರೆ ತಿಂಗಳುಗಟ್ಟಲೆ ಪರೀಕ್ಷೆ, ಸಿಗ್ನಲ್ ಜೊತೆ ಹೊಂದಾಣಿಕೆ, ಆಮೇಲೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ತಪಾಸಣೆ. ಇದಕ್ಕೆಲ್ಲ ಡಿಪೋ ಮೊದಲೇ ಸಿದ್ಧವಿರಬೇಕು, ಇಲ್ಲದಿದ್ದರೆ ಬಂದ ಬೋಗಿ ಇಳಿಸಲೂ ಜಾಗವಿಲ್ಲ. ಬೋಗಿಗಳ ಟೆಂಡರನ್ನು ಸಿವಿಲ್ ಕೆಲಸದ ಹಿಂದೆ ತಳ್ಳಬಾರದು, ಜೊತೆಗೇ ಕರೆಯಬೇಕು.

ಆದಾಯದ ಪುಟದಲ್ಲೂ ಇದೇ ತಾರೀಖಿನ ಪ್ರಶ್ನೆ. ನಿಲ್ದಾಣದ ಸುತ್ತ 150 ಮೀಟರ್‌ನಲ್ಲಿ ಕೊಡುವ 4ರವರೆಗಿನ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ), ಕಟ್ಟಡ ಅನುಮತಿಯ ಸೆಸ್ ಒಳ್ಳೆಯ ಮೂಲಗಳೇ. ಆದರೆ ದುಡ್ಡು ಬರುವುದು ಬಿಲ್ಡರುಗಳು ಅರ್ಜಿ ಹಾಕಿದಾಗ, ಗುತ್ತಿಗೆದಾರರ ಬಿಲ್ ಬಂದಾಗಲ್ಲ. ಟಿಕೆಟ್ ದರ 2017ರ ನಂತರ ಪರಿಷ್ಕರಣೆ ಕಂಡದ್ದು 2025ರ ಫೆಬ್ರುವರಿಯಲ್ಲಿ. ಏಳೂವರೆ ವರ್ಷದ ಏರಿಕೆ ಒಂದೇ ಏಟಿಗೆ ಪ್ರಯಾಣಿಕರ ಜೇಬಿಗೆ ಬಿತ್ತು, ಗರಿಷ್ಠ ದರ 90 ರೂಪಾಯಿಗೆ ಹೋಯಿತು. ಆದಾಯದ ಕೋಷ್ಟಕದಲ್ಲಿ ಪ್ರತಿವರ್ಷ ದರ ಏರುತ್ತದೆ ಎಂದು ಬರೆದಿದ್ದರೆ, ಅದಕ್ಕೆ ದರ ನಿಗದಿ ಸಮಿತಿಯ ಯಾವ ಆದೇಶದ ಬೆಂಬಲವಿದೆ ಎಂದು ಪಕ್ಕದ ಕಾಲಂನಲ್ಲಿ ಬರೆಸಿ. ಆ ಕಾಲಂ ಖಾಲಿ ಉಳಿದರೆ, ಏರಿಕೆ ಇಲ್ಲವೆಂದೇ ಹಿಡಿದು ಸಾಲದ ಕಂತನ್ನು ಇನ್ನೊಮ್ಮೆ ಲೆಕ್ಕ ಹಾಕಿಸಿ.