ರೊಟ್ಟಿ ಹೆಣ್ಣಾದರೆ ನನಗೇನು?

ಪುಣೆಯ ಪಶ್ಚಿಮದ ಅಂಚಿನಲ್ಲಿ, ಬೆಂಗಳೂರು ಹೆದ್ದಾರಿ ದಾಟಿ ಪುನಾವಳೆಯ ಕಡೆ ಹೋದರೆ, ಏಳುತ್ತಿರುವ ಪ್ರತಿ ಕಟ್ಟಡದ ಬುಡದಲ್ಲೂ ಪತ್ರಾ ಶೆಡ್ಡುಗಳ ಸಾಲು ಕಾಣುತ್ತದೆ. ನಾನು ಹೋಗುವ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯವರೇ ಹೆಚ್ಚು. ಭಾನುವಾರ ಮಧ್ಯಾಹ್ನ ಅಲ್ಲಿನ ಹೆಂಗಸರಿಗೆ ಮರಾಠಿ ಹೇಳಿಕೊಡುತ್ತೇನೆ. ನೌಕರಿಗೆಂದು ಈ ಊರಿಗೆ ಬಂದ ಮೇಲೆಯೇ ನಾನೂ ಮರಾಠಿ ಕಲಿತವಳು. ಹಾಗಾಗಿ ಅವರಿಗೆ ಎಲ್ಲಿ ತೊಡಕಾಗುತ್ತದೆ ಎಂಬುದು ನನಗೆ ಗೊತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ ‘ತಿಂದೆ’ ಎಂಬುದನ್ನು ಹೇಳಿಕೊಡುತ್ತಿದ್ದೆ. ಕನ್ನಡದವರಿಗೆ ಇದು ಬಹಳ ಕಾಡುವ ಪಾಠ. ನಮ್ಮಲ್ಲಿ ಕ್ರಿಯಾಪದ ತಿಂದವರ ಜೊತೆ ಹೋಗುತ್ತದೆ; ಮರಾಠಿಯಲ್ಲಿ ಭೂತಕಾಲಕ್ಕೆ ಬಂದರೆ ತಿಂದ ವಸ್ತುವಿನ ಜೊತೆ ಹೋಗುತ್ತದೆ. ಮಾವಿನಹಣ್ಣು ಗಂಡು, ಆದ್ದರಿಂದ ‘ಮೀ ಆಂಬಾ ಖಾಲ್ಲಾ’. ರೊಟ್ಟಿ ಹೆಣ್ಣು, ‘ಮೀ ಭಾಕರೀ ಖಾಲ್ಲೀ’. ಬಾಳೆಹಣ್ಣು ನಪುಂಸಕ, ‘ಮೀ ಕೇಳಂ ಖಾಲ್ಲಂ’. ಗಂಡಸು ತಿಂದರೂ ಹೆಂಗಸು ತಿಂದರೂ ಇಷ್ಟೇ.

ಎರಡು ವರ್ಷದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ ಒಬ್ಬ ತಾಯಿ ‘ಭಾಕರೀ ಖಾಲ್ಲಾ’ ಎಂದಳು. ಬಾಗಿಲ ಬಳಿ ಕಲ್ಲಾಟ ಆಡುತ್ತಿದ್ದ ಅವಳ ಏಳು ವರ್ಷದ ಮಗಳು ತಲೆ ಎತ್ತದೆಯೇ ‘ಖಾಲ್ಲೀ!’ ಎಂದು ತಿದ್ದಿದಳು. ಏಕೆ ಎಂದು ತಾಯಿ ಕೇಳಿದಾಗ ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಾಗೆಯೇ ಅನ್ನುತ್ತಾರೆ ಎಂದು ಮತ್ತೆ ಕಲ್ಲು ಹಾರಿಸಿದಳು. ತಾಯಿ ನನ್ನ ಕಡೆ ತಿರುಗಿದಳು. “ತಿಂದವಳು ನಾನು. ರೊಟ್ಟಿ ಹೆಣ್ಣಾದರೆ ನನಗೇನಕ್ಕಾ?”

ಎಲ್ಲರೂ ನಕ್ಕರು, ಆದರೆ ಅವಳು ಬಿಡಲಿಲ್ಲ. ಗೊತ್ತಿದ್ದ ಮರಾಠಿ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿಸಿ, ನನ್ನಿಂದ ಗಂಡೋ ಹೆಣ್ಣೋ ಎಂದು ತಿಳಿದುಕೊಂಡು, ಹದಿನೈದು ನಿಮಿಷದಲ್ಲಿ ತಾನೇ ಒಂದು ದಾರಿ ಕಂಡುಕೊಂಡಳು: ‘ಆ’ಗೆ ಮುಗಿದರೆ ಗಂಡು, ‘ಈ’ಗೆ ಮುಗಿದರೆ ಹೆಣ್ಣು, ಕೊನೆಯಲ್ಲಿ ‘ಅಂ’ ಕೇಳಿದರೆ ನಪುಂಸಕ. ಖುರ್ಚಿ, ಚಾವಿ, ಗಾಡಿ ಎಲ್ಲವೂ ಹೊಂದಿದವು. ಆಮೇಲೆ ಅವಳಿಗೇ ನೆನಪಾಯಿತು: ಟ್ಯಾಂಕರ್ ಬಂದಾಗ ಮಕ್ಕಳು ‘ಪಾಣೀ ಆಲಂ’ ಎಂದು ಕೂಗುತ್ತಾರೆ, ‘ಆಲೀ’ ಎನ್ನುವುದಿಲ್ಲ. ನೀರು ‘ಈ’ಗೆ ಮುಗಿದರೂ ಹೆಣ್ಣಲ್ಲ. ತನ್ನ ನಿಯಮವನ್ನು ತಾನೇ ಮುರಿದು ಹಿಡಿದುಕೊಟ್ಟ ಆ ಮುಖದಲ್ಲಿ ಎಷ್ಟು ಗೆಲುವು ಇತ್ತು! ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಆಕೆ. ಏಳು ವರ್ಷದ ಮಗಳು ಮಾಡಲಾರದ ಕೆಲಸ ಇದು. ಮಗಳಿಗೆ ಅದರ ಅಗತ್ಯವೂ ಇಲ್ಲ.

“ಮಕ್ಕಳದು ಎಳೆ ನಾಲಿಗೆ, ನಮ್ಮದು ಬಲಿತುಹೋಗಿದೆ ಅಕ್ಕಾ” ಎಂದು ಈ ಹೆಂಗಸರು ಮೇಲಿಂದ ಮೇಲೆ ಹೇಳುತ್ತಾರೆ. ಈ ಮಾತು ನನ್ನನ್ನು ಬಹಳ ಕಾಡಿದ್ದರಿಂದಲೇ ಹುಡುಕಿ ಓದತೊಡಗಿದೆ. ಅದರಲ್ಲಿ ನಿಜವಿದೆ. 1989ರಲ್ಲಿ ಜಾಕ್ವೆಲಿನ್ ಜಾನ್ಸನ್ ಮತ್ತು ಎಲಿಸಾ ನ್ಯೂಪೋರ್ಟ್ ಎಂಬವರು ಅಮೆರಿಕಕ್ಕೆ ಬಂದು ನೆಲೆಸಿದ್ದ 46 ಮಂದಿ ಚೀನೀ, ಕೊರಿಯನ್ ಭಾಷಿಕರ ಇಂಗ್ಲಿಷ್ ವ್ಯಾಕರಣವನ್ನು ಪರೀಕ್ಷಿಸಿದರು. ಏಳು ವರ್ಷ ತುಂಬುವ ಮೊದಲೇ ಬಂದವರು ಅಲ್ಲಿಯೇ ಹುಟ್ಟಿದವರಿಗೆ ಸಮನಾಗಿದ್ದರು. ಬಂದ ವಯಸ್ಸು ಹೆಚ್ಚಿದಂತೆ ಹಿಡಿತ ಸಡಿಲವಾಗುತ್ತಿತ್ತು. ಆದರೆ ದೊಡ್ಡವರಾಗಿ ಬಂದವರೊಳಗೇ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರವಿತ್ತು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಇನ್ನೊಂದು ಅಧ್ಯಯನ 1978ರದು. ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್ನಾಗೆಲ್ ಹೋಲೆ ಅವರು ನೆದರ್ಲೆಂಡ್ಸಿಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಒಂದು ವರ್ಷ ಗಮನಿಸಿದರು. ಮೊದಲ ತಿಂಗಳುಗಳಲ್ಲಿ ಹನ್ನೆರಡರಿಂದ ಹದಿನೈದರ ಹರೆಯದವರೂ ದೊಡ್ಡವರೂ ಮುಂದಿದ್ದರು. ಎಲ್ಲರಿಗಿಂತ ಹಿಂದೆ ಇದ್ದವರು ಮೂರರಿಂದ ಐದು ವರ್ಷದ ಮಕ್ಕಳು. ಇದನ್ನು ಶೆಡ್ಡಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ.

ನಂಬುವುದಾದರೂ ಹೇಗೆ? ಅವರ ಕಣ್ಣೆದುರಿಗೆ ಇರುವುದು ಆ ಹುಡುಗಿ. ಬೆಳಿಗ್ಗೆ ಮರಾಠಿ ಶಾಲೆ. ಸಂಜೆ ವಾಚ್‌ಮನ್ ಮಕ್ಕಳೊಂದಿಗೆ, ಪಕ್ಕದ ಚಾಳಿನ ಮಕ್ಕಳೊಂದಿಗೆ ಕತ್ತಲಾಗುವವರೆಗೆ ಆಟ. ತಪ್ಪು ಮಾತಾಡಿದರೂ ಆಟ ನಿಲ್ಲುವುದಿಲ್ಲ, ಸರಿ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅವಳ ತಾಯಿ ದಿನವಿಡೀ ಸಿಮೆಂಟ್ ಬುಟ್ಟಿ ಹೊರುತ್ತಾಳೆ. ಸುತ್ತ ಇರುವ ಗೌಂಡಿಗಳು ಕನ್ನಡದವರು, ಕೂಲಿಯವರ ಮೇಸ್ತ್ರಿಯಾದ ಮುಕಾದಮ ಅವಳ ಊರಿನವನೇ. ಮರಾಠಿ ಕೇಳುವುದು ಕಿರಾಣಿ ಅಂಗಡಿಯಲ್ಲಿ, ಅದೂ ಐದು ನಿಮಿಷ. ಅಲ್ಲಿಯೂ ಅವಳು ಮರಾಠಿಯಲ್ಲಿ ಶುರುಮಾಡಿದರೆ ಅಂಗಡಿಯವರು ಹಿಂದಿಯಲ್ಲಿ ಉತ್ತರ ಕೊಟ್ಟು ಮುಗಿಸುತ್ತಾರೆ. ಒಬ್ಬರಿಗೆ ಇಡೀ ದಿನ, ಇನ್ನೊಬ್ಬರಿಗೆ ಐದು ನಿಮಿಷ ಕೊಟ್ಟು, ಆಮೇಲೆ ನಾಲಿಗೆಯ ವಯಸ್ಸು ಅಳೆಯುವುದು ನನಗೆ ನ್ಯಾಯವೆನಿಸುವುದಿಲ್ಲ.

ಅಂದು ಪಾಠ ಮುಗಿಯಲಿಲ್ಲ. ತೊಡೆಯ ಮೇಲಿದ್ದ ಮಗು ಅತ್ತರೂ ದನಿ ಬಾರದಷ್ಟು ಸೋತಿತ್ತು, ತುಟಿ ಒಣಗಿತ್ತು. ರಿಕ್ಷಾ ಹಿಡಿದು ಪಾಲಿಕೆಯ ದವಾಖಾನೆಗೆ ಹೋದೆವು. ಹುಡುಗಿಯೂ ಬಂದಳು. ಭಾನುವಾರವಾದ್ದರಿಂದ ತುರ್ತು ವಿಭಾಗವಷ್ಟೇ ತೆರೆದಿತ್ತು. ನಾನು ಕಿಟಕಿಯಲ್ಲಿ ಕೇಸ್ ಪೇಪರ್ ಮಾಡಿಸಲು ಸರದಿಯಲ್ಲಿ ನಿಂತೆ; ಅವರನ್ನು ಒಳಗೆ ಕರೆದರು.

ನಾನು ಒಳಗೆ ಹೋಗುವಷ್ಟರಲ್ಲಿ ಡಾಕ್ಟರ್ ಹುಡುಗಿಯನ್ನು ಕೇಳುತ್ತಿದ್ದರು. ತಾಯಿಯ ಸೀರೆ, ಮಾತಿನ ಧಾಟಿ ನೋಡಿ, ಚೆನ್ನಾಗಿ ಮರಾಠಿ ಆಡುವ ಮಗಳೇ ಸುಲಭವೆಂದು ಅವರಿಗೆ ತೋರಿರಬೇಕು. ಜುಲಾಬು ಯಾವಾಗಿನಿಂದ? ‘ಕಾಲ್’, ನಿನ್ನೆ, ಎಂದಳು ಹುಡುಗಿ. ಎಷ್ಟು ಸಲ? ‘ಖೂಪ್’, ಬಹಳ. ರಕ್ತ ಬಿದ್ದಿದೆಯೇ? ಹುಡುಗಿ ತಾಯಿಯ ಮುಖ ನೋಡಿದಳು. ಉಚ್ಚಾರ ಪುಣೆಯಲ್ಲೇ ಹುಟ್ಟಿದವರದು. ‘ಚೋರ್’ ಎನ್ನುವಾಗ ಅವಳ ‘ಚ’ ಹಲ್ಲಿಗೆ ತಾಗಿ ‘ತ್ಸ’ ಆಗುತ್ತದೆ, ನನಗೆ ಇಂದಿಗೂ ಅಷ್ಟು ಸಲೀಸಾಗಿ ಬಾರದ ಸದ್ದು ಅದು. ಆದರೆ ತಮ್ಮನ ಕಾಯಿಲೆಯ ಲೆಕ್ಕ ಅವಳ ಬಳಿ ಇರಲಿಲ್ಲ. ಏಳು ವರ್ಷದವಳ ಬಳಿ ಏಕೆ ಇರಬೇಕು?

ನಾನು ಬಾಯಿ ಬಿಡುವ ಮೊದಲೇ ತಾಯಿ ಮುಂದೆ ಸರಿದು ಮರಾಠಿಯಲ್ಲಿ ಮಾತಾಡತೊಡಗಿದಳು. ‘ತೀನ ದಿವಸ ಝಾಲಾ. ರಾತ್ರೀ ತಾಪ ಯೇತೋ, ಸಕಾಳೀ ನಾಹೀ. ಕಾಲ ಅರ್ಧಾ ಗೋಳೀ ದಿಲಾ. ರಕ್ತ ನಾಹೀ. ಪಾಣೀ ಪೀತ ನಾಹೀ.’ ಮೂರು ದಿನವಾಯಿತು, ರಾತ್ರಿ ಜ್ವರ ಬರುತ್ತದೆ, ಬೆಳಿಗ್ಗೆ ಇರುವುದಿಲ್ಲ, ನಿನ್ನೆ ಅರ್ಧ ಮಾತ್ರೆ ಕೊಟ್ಟೆ, ರಕ್ತವಿಲ್ಲ, ನೀರು ಕುಡಿಯುವುದಿಲ್ಲ. ಗೋಳಿ ‘ಈ’ಗೆ ಮುಗಿಯುವ ಹೆಣ್ಣು, ‘ಅರ್ಧೀ ಗೋಳೀ ದಿಲೀ’ ಆಗಬೇಕಿತ್ತು. ಪಕ್ಕದಲ್ಲಿದ್ದ ಮಗಳು ‘ದಿಲೀ’ ಎಂದು ಪಿಸುಗುಟ್ಟಿದಳು. ಡಾಕ್ಟರ್ ಆಗಲೇ ಹುಡುಗಿಯನ್ನು ಬಿಟ್ಟು ತಾಯಿಯ ಕಡೆ ಕುರ್ಚಿ ತಿರುಗಿಸಿದ್ದರು. ನಿಧಾನವಾಗಿ, ಮರಾಠಿಯಲ್ಲಿಯೇ, ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ನಾನು ಸುಮ್ಮನೆ ಹಿಂದೆ ನಿಂತೆ.

ಓಆರ್‌ಎಸ್ ಪುಡಿ ಕೊಟ್ಟರು, ಒಂದು ಪೊಟ್ಟಣಕ್ಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು. ಜಿಂಕ್ ಮಾತ್ರೆ, ದಿನಕ್ಕೊಂದರಂತೆ 14 ದಿನ. ಆಗ ಅವಳು ಕೇಳಿದ್ದು: ‘ಬರಾ ಝಾಲಾ ತರೀ ದ್ಯಾಯಚಾ?’ ಗುಣವಾದರೂ ಕೊಡಬೇಕೇ? ಇಲ್ಲಿಯೂ ಲಿಂಗ ತಪ್ಪಿತ್ತು. ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ಜುಲಾಬು ನಿಂತೊಡನೆ ಮಾತ್ರೆ ನಿಲ್ಲಿಸಿಬಿಡುವವರೇ ಹೆಚ್ಚು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ, ಕೊಡಲೇಬೇಕು, ಹದಿನಾಲ್ಕೂ ಮುಗಿಸಬೇಕು ಎಂದು ಒತ್ತಿ ಹೇಳಿದರು. ಮಗು ಚೇತರಿಸಿಕೊಂಡಿತು. ಮಾತ್ರೆಯೂ ಪೂರ್ತಿ ಮುಗಿಯಿತು.

ಇಬ್ಬರಲ್ಲಿ ಯಾರಿಗೆ ಮರಾಠಿ ಬರುತ್ತದೆ ಎಂದು ಅಂದು ಯಾರಾದರೂ ಕೇಳಿದ್ದರೆ, ಇಬ್ಬರಿಗೂ ಎನ್ನುತ್ತಿದ್ದೆ. ಮಗಳಿಗೆ ಬಂದದ್ದು ಭಾಷೆಯ ಮೈ. ತಾಯಿಗೆ ಹೇಳಬೇಕಾದ ವಿಷಯ ಇದ್ದದ್ದರಿಂದ ಭಾಷೆ ಅದನ್ನು ಹಿಂಬಾಲಿಸಿ ಬಂದಿತ್ತು. ಮಕ್ಕಳಿಗೆ ಸುಲಭವಾಗಿ ಬಂದದ್ದು ಅಷ್ಟೇ ಸುಲಭವಾಗಿ ಹೋಗಿಬಿಡಬಲ್ಲದು ಎಂಬ ಚಿಂತೆಯೂ ನನಗಿದೆ. ಮೂರರಿಂದ ಎಂಟು ವರ್ಷದೊಳಗೆ ಫ್ರೆಂಚ್ ಕುಟುಂಬಗಳಿಗೆ ದತ್ತು ಹೋದ ಕೊರಿಯನ್ ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿದ ವರದಿ 2003ರಲ್ಲಿ ಬಂತು. ಕೊರಿಯನ್ ವಾಕ್ಯಗಳನ್ನು ಬೇರೆ ಪರಭಾಷೆಗಳಿಂದ ಬೇರ್ಪಡಿಸಿ ಗುರುತಿಸಲೂ ಅವರಿಗೆ ಆಗಲಿಲ್ಲ. ಈ ಹುಡುಗಿ ಈಗಲೇ ತಾಯಿಯ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರಿಸುತ್ತಾಳೆ. ಹಾಗಾಗಿ ಭಾನುವಾರ ಮಕ್ಕಳನ್ನು ಹೊರಗೆ ಕಳಿಸುವುದನ್ನು ಬಿಟ್ಟಿದ್ದೇನೆ. ತಾಯಂದಿರು ಕನ್ನಡದಲ್ಲಿ ಊರಿನ ಕಥೆ ಹೇಳುತ್ತಾರೆ, ಮಕ್ಕಳು ಅದನ್ನು ಮರಾಠಿಗೆ ತಿರುಗಿಸುತ್ತಾರೆ. ತಾಯಂದಿರು ಅದನ್ನೇ ಮತ್ತೆ ಮರಾಠಿಯಲ್ಲಿ ಹೇಳುತ್ತಾರೆ. ಕಿರಾಣಿ ಅಂಗಡಿಯವರ ಹತ್ತಿರವೂ ಹೋಗಿ, ಈ ಹೆಂಗಸರಿಗೆ ಹಿಂದಿಯಲ್ಲಿ ಉತ್ತರ ಕೊಡಬೇಡಿ, ಎರಡು ನಿಮಿಷ ತಡವಾದರೂ ಮರಾಠಿಯಲ್ಲೇ ಮಾತಾಡಿ ಎಂದು ಕೇಳಿಕೊಂಡೆ. ಸಂತೋಷದಿಂದ ಒಪ್ಪಿದರು.

ಆ ತಾಯಿ ಮುಂದಿನ ಪಾಠವನ್ನು ತಾನೇ ಆರಿಸಿದಳು. ಇಷ್ಟು ದಿನ ಅವಳ ಹಾಜರಿಯ ಲೆಕ್ಕವೆಲ್ಲ ಮುಕಾದಮನ ಬಾಯಿಂದಲೇ ಬರುತ್ತಿತ್ತು. ಇನ್ನು ಸೈಟ್ ಆಫೀಸಿಗೆ ನೇರ ಹೋಗಿ ಮರಾಠಿ ಸೂಪರ್‌ವೈಸರ್‌ನನ್ನು ಕೇಳಬೇಕಂತೆ. ಆ ಭಾನುವಾರ ನಾವೆಲ್ಲ ‘ಮಾಝೀ ಹಜೇರೀ ಕಿತೀ ದಿವಸ ಲಾವಲೀ?’, ನನ್ನ ಹಾಜರಿ ಎಷ್ಟು ದಿನ ಹಾಕಿದ್ದೀರಿ, ಎಂಬುದನ್ನು ಅಭ್ಯಾಸ ಮಾಡಿದೆವು. ‘ಲಾವಲಾ’ ಎನ್ನದೆ ‘ಲಾವಲೀ’ ಎಂದು ಮೊದಲ ಸಲಕ್ಕೇ ಹೇಳಿದವಳು ಅವಳೇ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಆಫೀಸಿಗೆ ಹೋಗಿ ಕೇಳಿಯೂ ಬಂದಳು.