ಮಾನಿಟರ್‌ಗಿಂತ ಮೊದಲು ನಾಯಿಯನ್ನು ನೋಡಿ

“ನಾಯಿಗೆ ಸ್ನಾನ ಮಾಡಿಸೋಕೂ ಕಾಲೇಜಿಗೆ ಹೋಗ್ಬೇಕೇನಮ್ಮ?” ಅಂತ ತಿಪಟೂರಿನಿಂದ ನಮ್ಮತ್ತೆ ಕೇಳಿದರು. ಇಲ್ಲಿನ ಗೆಳತಿಯರೂ ಹಾಗೇ ಅಂದುಕೊಂಡಿದ್ದಾರೆ. ನಾನು ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿನಲ್ಲಿ ಓದುತ್ತಿರುವುದು ವೆಟರ್ನರಿ ಟೆಕ್ನಾಲಜಿ, ಅಂದರೆ ಪ್ರಾಣಿಗಳ ನರ್ಸಿಂಗ್. ಎರಡು ವರ್ಷದ ಕೋರ್ಸ್. ಕಾಯಿಲೆ ಏನು ಅಂತ ಹೇಳುವುದು, ಔಷಧಿ ಬರೆಯುವುದು, ಆಪರೇಷನ್ ಮಾಡುವುದು ಡಾಕ್ಟರ ಕೆಲಸ. ರಕ್ತ ತೆಗೆಯುವುದು, ಎಕ್ಸ್‌ರೇ, ಲ್ಯಾಬು, ಅರಿವಳಿಕೆ ಕೊಟ್ಟಾಗ ಪಕ್ಕದಲ್ಲಿದ್ದು ನೋಡಿಕೊಳ್ಳುವುದು ನಮ್ಮದು.

ಈ ಅರಿವಳಿಕೆ ಇದೆಯಲ್ಲ, ಅದು ನನಗೆ ತುಂಬಾ ಹಿಡಿಸಿಬಿಟ್ಟಿದೆ. ಹೆಣ್ಣುನಾಯಿಗೆ ಮರಿಯಾಗದಂತೆ ಆಪರೇಷನ್ ನಡೆಯುತ್ತಿರುತ್ತದೆ. ಡಾಕ್ಟರ ಕಣ್ಣು ಹೊಟ್ಟೆಯ ಮೇಲೆ, ನನ್ನ ಕಣ್ಣು ಅದರ ಮುಖದ ಮೇಲೆ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ, ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ದವಡೆ ಸಡಿಲವಾಗಿರಬೇಕು. ಕಣ್ಣಿನ ಮೂಲೆ ಮುಟ್ಟಿದರೆ ರೆಪ್ಪೆ ಮಿಟುಕಬಾರದು. ಮಂಪರು ಹದವಾಗಿದ್ದರೆ ಕಣ್ಣುಗುಡ್ಡೆ ಮೂಗಿನ ಕಡೆಗೆ, ಕೆಳಕ್ಕೆ ಹೊರಳಿರುತ್ತದೆ. ಅದು ನಡುವಿಗೆ ಬಂತೋ, ನಾಯಿ ಎಚ್ಚರಾಗುತ್ತಿದೆ, ಇಲ್ಲಾ ಮಂಪರು ತೀರಾ ಆಳಕ್ಕಿಳಿದಿದೆ. ಎರಡರಲ್ಲಿ ಯಾವುದು? ದವಡೆ, ರೆಪ್ಪೆ, ಉಸಿರು, ಬಿಪಿ ಎಲ್ಲಾ ಸೇರಿಸಿ ನೋಡಿದರೇ ಗೊತ್ತಾಗುವುದು. ಐದೈದು ನಿಮಿಷಕ್ಕೂ ಬರೆದಿಡಬೇಕು. ಮಾನಿಟರ್ ಇರುತ್ತದೆ, ನಿಜ. ಆದರೆ ನಾಲಿಗೆಗೆ ಹಾಕಿದ ಕ್ಲಿಪ್ ಜಾರಿದರೂ ಅದು ಕೂಗಿಕೊಳ್ಳುತ್ತದೆ. ಮೊದಲು ನಾಯಿಯನ್ನು ನೋಡಿ, ಆಮೇಲೆ ಮಾನಿಟರ್ ನೋಡಿ ಅಂತ ನಮ್ಮ ಟೀಚರ್ ಹೇಳುತ್ತಲೇ ಇರುತ್ತಾರೆ. ಬಾಯಿಲ್ಲದ ಜೀವ, ಅದರ ಪರವಾಗಿ ಅಷ್ಟು ಹೊತ್ತು ಯಾರಾದರೂ ಕಣ್ಣು ಕೀಳದೆ ನಿಲ್ಲಬೇಕು ಅಲ್ವಾ?

ಬೆಕ್ಕಿನ ವಿಷಯವೇ ಬೇರೆ. ಬಿಗಿ ಹಿಡಿದಷ್ಟೂ ಜಾಸ್ತಿ ಹೆದರುತ್ತದೆ. ಟವೆಲ್ ಸುತ್ತಿ, ಸದ್ದು ಮಾಡದೆ, ಎಷ್ಟು ಬೇಕೋ ಅಷ್ಟೇ ಹಿಡಿಯಬೇಕು. ಹಾಂ, ಊರಿನವರಿಗೂ ಒಂದು ಮಾತು: ಬೆಕ್ಕಿನ ಮೈ ಬಿಸಿ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಕೋರ್ಸ್ ಮುಗಿದ ಮೇಲೆ ವಿಟಿಎನ್‌ಇ ಅನ್ನುವ ಪರೀಕ್ಷೆ ಇದೆ. ಪಾಸಾಗಿ ಲೈಸೆನ್ಸ್ ಸಿಕ್ಕರೆ, ಡಾಕ್ಟರ ಮೇಲ್ವಿಚಾರಣೆಯಲ್ಲಿ ಅರಿವಳಿಕೆ ಕೊಡಬಹುದು, ಹಲ್ಲು ಕೀಳಬಹುದು, ಚರ್ಮಕ್ಕೆ ಹೊಲಿಗೆಯನ್ನೂ ಹಾಕಬಹುದು.

ಸೇರಬೇಕು ಅಂತಿರುವವರು ಸುಮ್ನೆ ನಾಯಿ ಇಷ್ಟ ಅಂತ ಬರಬೇಡಿ, ಲೆಕ್ಕವನ್ನೂ ಚೆನ್ನಾಗಿ ಕಲಿತು ಬನ್ನಿ. ಇಲ್ಲಿ ತೂಕ ಪೌಂಡಿನಲ್ಲಿ ಹೇಳುತ್ತಾರೆ, ಡೋಸ್ ಇರುವುದು ಕೆ.ಜಿ.ಗೆ ಇಷ್ಟು ಅಂತ. 2.2ರಿಂದ ಭಾಗಿಸುವುದನ್ನು ಮರೆತರೆ ಎರಡು ಪಟ್ಟಿಗಿಂತ ಜಾಸ್ತಿ ಔಷಧಿ ಒಳಗೆ ಹೋಗುತ್ತದೆ.