ಕನ್ನಡ ಮೆನು: ಎಂಒ ಫೈಲ್ ಲೋಡ್ ಆದರೂ ತೆರೆಯ ಮೇಲೆ ಪ್ರಶ್ನೆ ಚಿಹ್ನೆ

ಕೊನೆಗೂ ಮೆನುವಿನಲ್ಲಿ ‘ಉಳಿಸಿ’ ಎಂದೇ ಬಂತು. ಈವರೆಗೆ ಆ ಜಾಗದಲ್ಲಿ ‘?????’ ಕೂತಿತ್ತು. ನಾವು ಕನ್ನಡಕ್ಕೆ ತರುತ್ತಿರುವುದು ಲಿನಕ್ಸ್‌ನಲ್ಲಿ ಓಡುವ, ಸಿ ಭಾಷೆಯ ಸಣ್ಣ ಟರ್ಮಿನಲ್ ಪ್ರೋಗ್ರಾಂ; ಅನುವಾದವನ್ನು ತೆರೆಗೆ ತರುವ ಸಲಕರಣೆ ಗ್ನೂ ಗೆಟ್‌ಟೆಕ್ಸ್ಟ್. ಕೋಡಿನಿಂದ ಸ್ಟ್ರಿಂಗ್ (ತೆರೆಯ ಮೇಲಿನ ಪಠ್ಯ) ಹೆಕ್ಕಿ, ಪಿಒ (ಅನುವಾದ ಬರೆಯುವ ಫೈಲ್) ತುಂಬಿ, ಎಂಒ (ಪ್ರೋಗ್ರಾಂ ಓದುವ ಅದರ ಯಂತ್ರರೂಪ) ಮಾಡುವ ತನಕದ ಕೆಲಸ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ತಲೆ ತಿಂದದ್ದು ಅದರ ಮುಂದಿನ ಒಂದೇ ಒಂದು ಗೇಣು.

ಮೊದಲ ಸಂಶಯ ಲೊಕೇಲ್ ಮೇಲೆ, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗಿನ ಮೇಲೆ ಬಿತ್ತು. ಡೆಬಿಯನ್ ಬಳಗದ ಲಿನಕ್ಸ್‌ಗಳಲ್ಲಿ ಲೊಕೇಲ್.ಜೆನ್ ಫೈಲಿನ ‘ಕೆಎನ್_ಐಎನ್ ಯುಟಿಎಫ್-8’ ಸಾಲಿನ ಹ್ಯಾಷ್ ತೆಗೆದು ಲೊಕೇಲ್-ಜೆನ್ ಓಡಿಸದಿದ್ದರೆ ಲೊಕೇಲನ್ನು ಜಾರಿಗೆ ತರುವ ಸೆಟ್‌ಲೊಕೇಲ್ ಕರೆ ನಲ್ (ವಿಫಲ ಎಂಬ ಉತ್ತರ) ಕೊಡುತ್ತದೆ, ಪ್ರೋಗ್ರಾಂ ಸದ್ದಿಲ್ಲದೆ ಮೂಲ ಸ್ಥಿತಿಯಾದ ‘ಸಿ’ ಲೊಕೇಲ್‌ನಲ್ಲೇ ಉಳಿಯುತ್ತದೆ. ಆಗ ಲ್ಯಾಂಗ್ವೇಜ್ ವೇರಿಯಬಲ್‌ಗೆ ಕನ್ನಡ ಹಾಕಿದರೂ ಗೆಟ್‌ಟೆಕ್ಸ್ಟ್ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಆದರೆ ಆ ಕಾಯಿಲೆಯಲ್ಲಿ ಕಾಣುವುದು ಇಂಗ್ಲಿಷ್ ಮೂಲ ಸ್ಟ್ರಿಂಗ್, ಪ್ರಶ್ನೆ ಚಿಹ್ನೆ ಅಲ್ಲ. ಇಲ್ಲಿ ನಲ್ ಕೂಡ ಬಂದಿರಲಿಲ್ಲ.

ಪ್ರೋಗ್ರಾಂ ಮಾಡುವ ಸಿಸ್ಟಮ್ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ, ಫೈಲ್ ತೆರೆಯುವ ಓಪನ್‌ಎಟ್ ಕರೆಗಳನ್ನಷ್ಟೇ ಸೋಸಿದಾಗ ಹುಡುಕಾಟದ ದಾರಿ ಪೂರ್ತಿ ಕಂಡಿತು. ಗೆಟ್‌ಟೆಕ್ಸ್ಟ್ ಮೊದಲು ‘ಕೆಎನ್_ಐಎನ್.ಯುಟಿಎಫ್-8’, ಆಮೇಲೆ ‘ಕೆಎನ್_ಐಎನ್’, ಕಡೆಗೆ ಬರೀ ‘ಕೆಎನ್’ ಫೋಲ್ಡರಿನ ಬಾಗಿಲು ತಟ್ಟುತ್ತದೆ. ಕಡೆಯದರಲ್ಲಿ ಎಂಒ ಸಿಕ್ಕಿತು, ತೆರೆಯಿತು. ಫೈಲಿನ ಮೊದಲ 4 ಬೈಟ್ ಡಿಇ 12 04 95, ಅಂದರೆ ಲಿಟಲ್-ಎಂಡಿಯನ್ (ಕಿರಿಯ ಬೈಟ್ ಮೊದಲು ಬರುವ) ಎಂಒಗೆ ಇರಬೇಕಾದ ಗುರುತೇ. ಎಂಎಸ್‌ಜಿಯುಎನ್‌ಎಫ್‌ಎಂಟಿಯಿಂದ ಮತ್ತೆ ಪಿಒ ಆಗಿ ಬಿಚ್ಚಿದರೆ ಒಳಗೆ ಕನ್ನಡ ಅಚ್ಚುಕಟ್ಟಾಗಿದೆ. ಅದೇ ಟರ್ಮಿನಲ್‌ನಲ್ಲಿ ಬೇರೆ ಪ್ರೋಗ್ರಾಂಗಳ ಕನ್ನಡವೂ ಸರಿಯಾಗಿಯೇ ಬರುತ್ತಿದೆ. ಫೈಲೂ ಸರಿ, ಟರ್ಮಿನಲ್ಲೂ ಸರಿ.

ದಾರಿ ತೋರಿಸಿದ್ದು ಪ್ರಶ್ನೆ ಚಿಹ್ನೆಗಳ ಲೆಕ್ಕ. ‘ಉಳಿಸಿ’ ಕಣ್ಣಿಗೆ 3 ಅಕ್ಷರ. ಯುನಿಕೋಡ್‌ನಲ್ಲಿ ಉ, ಳ, ಗುಡಿಸು, ಸ, ಮತ್ತೆ ಗುಡಿಸು, ಹೀಗೆ 5 ಕೋಡ್ ಪಾಯಿಂಟ್ (ಸಂಕೇತ ಸಂಖ್ಯೆ). ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ತಲಾ 3ರಂತೆ 15 ಬೈಟ್. ತೆರೆಯ ಮೇಲಿದ್ದದ್ದು ಸರಿಯಾಗಿ 5. ಬೈಟ್ ಬೈಟಾಗಿ ಹಾಳಾಗಿದ್ದರೆ 15 ಬರಬೇಕಿತ್ತು. ಅಂದರೆ ಯಾರೋ ಯುಟಿಎಫ್-8 ಅನ್ನು ಸರಿಯಾಗಿ ಓದಿ, ಅರ್ಥ ಮಾಡಿಕೊಂಡು, ಆಮೇಲೆ ಕನ್ನಡಕ್ಕೆ ಜಾಗವೇ ಇಲ್ಲದ ಎನ್‌ಕೋಡಿಂಗಿಗೆ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿಗೆ) ಬದಲಾಯಿಸುತ್ತಿದ್ದಾರೆ.

ಆ ‘ಯಾರೋ’ ಗೆಟ್‌ಟೆಕ್ಸ್ಟೇ. ಎಂಒದಿಂದ ತೆಗೆದ ಸ್ಟ್ರಿಂಗನ್ನು ಅದು ಇದ್ದ ಹಾಗೆ ಕೈಗಿಡುವುದಿಲ್ಲ, ಲೊಕೇಲಿನ ಅಕ್ಷರ ವಿಭಾಗವಾದ ಎಲ್‌ಸಿ_ಸಿಟೈಪ್ ಹೇಳುವ ಎನ್‌ಕೋಡಿಂಗಿಗೆ ಪರಿವರ್ತಿಸಿ ಕೊಡುತ್ತದೆ. ನಮ್ಮ ಕೋಡಿನಲ್ಲಿ ಸೆಟ್‌ಲೊಕೇಲ್ ಕರೆದದ್ದು ಸಂದೇಶಗಳ ವಿಭಾಗವಾದ ಎಲ್‌ಸಿ_ಮೆಸೇಜಸ್‌ಗೆ ಮಾತ್ರ. ಹಾಗಾಗಿ ಯಾವ ಫೈಲ್ ಎನ್ನುವುದು ಕನ್ನಡಕ್ಕೆ ಹೋಯಿತು, ಯಾವ ಎನ್‌ಕೋಡಿಂಗ್ ಎನ್ನುವುದು ‘ಸಿ’ ಲೊಕೇಲಿನ, ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿರುವ ಆಸ್ಕಿಯಲ್ಲೇ ಉಳಿಯಿತು. ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಬದಲಿಸುವ ಎಲ್‌ಸಿ_ಆಲ್ ಬಿಟ್ಟದ್ದಕ್ಕೂ ಕಾರಣ ಇತ್ತು: ಜರ್ಮನ್ ಲೊಕೇಲಿನಲ್ಲಿ ಸಂಖ್ಯೆಗಳ ವಿಭಾಗವಾದ ಎಲ್‌ಸಿ_ನ್ಯೂಮರಿಕ್ ಬದಲಾದರೆ ಡೇಟಾ ಫೈಲಿನಲ್ಲಿ 3.5 ಎಂದಿರಬೇಕಾದದ್ದು 3,5 ಆಗುತ್ತದೆ. ಆ ಎಚ್ಚರಿಕೆ ಸರಿಯೇ. ಅದಕ್ಕೇ ಈಗ ಮೆಸೇಜಸ್, ಸಿಟೈಪ್ ಎರಡಕ್ಕೂ ಬೇರೆ ಬೇರೆ ಕರೆ, ನ್ಯೂಮರಿಕ್ ಮುಟ್ಟಿಲ್ಲ. ಸೇರಿದ್ದು ಒಂದೇ ಸಾಲು. ಜಿಟಿಕೆ ಲೈಬ್ರರಿ ಬಿಡಿಸಿದ ಕಿಟಕಿ ಇರುವ ಪ್ರೋಗ್ರಾಂ ಆದರೆ ಬೈಂಡ್_ಟೆಕ್ಸ್ಟ್‌ಡೊಮೇನ್_ಕೋಡ್‌ಸೆಟ್‌ನಲ್ಲಿ ಯುಟಿಎಫ್-8 ಎಂದು ಖಡಾಖಂಡಿತ ಹೇಳಿಬಿಡುವುದು ಒಳ್ಳೆಯದು, ಜಿಟಿಕೆಗೆ ಯಾವಾಗಲೂ ಅದೇ ಬೇಕು.

ಕನ್ನಡ ಬಂದ ಕೂಡಲೇ ಕಾಲಂ ಸೊಟ್ಟಗಾದವು. ಪ್ರಿಂಟ್‌ಎಫ್‌ನಲ್ಲಿ 20ರ ಅಗಲ ಕೊಟ್ಟರೆ ಅದು ಎಣಿಸುವುದು ಬೈಟ್. ‘ಉಳಿಸಿ’ಗೇ 15 ಹೋಗಿ 5 ಜಾಗ ಮಾತ್ರ ಉಳಿಯುತ್ತದೆ. ಅಗಲವನ್ನು ನಾವೇ ಲೆಕ್ಕ ಹಾಕಿ ತುಂಬಬೇಕು. ಇನ್ನೊಂದು: ಪ್ರೋಗ್ರಾಂ ಓಡುತ್ತಿರುವಾಗ ಹೊಸ ಎಂಒವನ್ನು ನಕಲು ಆಜ್ಞೆಯಾದ ಸಿಪಿಯಿಂದ ಹಳೆಯದರ ಮೇಲೆ ಬರೆಯಬೇಡಿ. ಗೆಟ್‌ಟೆಕ್ಸ್ಟ್ ಆ ಫೈಲನ್ನು ಎಂ‌ಮ್ಯಾಪ್ ಮಾಡಿಕೊಂಡಿರುತ್ತದೆ (ಫೈಲನ್ನೇ ನೇರ ಮೆಮೊರಿಗೆ ಜೋಡಿಸಿಕೊಂಡಿರುತ್ತದೆ), ಕಾಲ ಕೆಳಗಿನ ನೆಲ ಸರಿದ ಹಾಗೆ ಪ್ರೋಗ್ರಾಂ ಬಿದ್ದೇ ಹೋಗಬಹುದು. ಇನ್‌ಸ್ಟಾಲ್ ಆಜ್ಞೆ ಹಳೆಯದನ್ನು ತೆಗೆದು ಹೊಸ ಫೈಲನ್ನೇ ಇಡುವುದರಿಂದ ತೊಂದರೆ ಇಲ್ಲ.

ಸಣ್ಣ ಕಂಟೇನರ್ ಇಮೇಜ್ (ಪ್ರೋಗ್ರಾಂ ಓಡಲು ಬೇಕಾದ್ದನ್ನೆಲ್ಲ ತುಂಬಿದ ಕಟ್ಟು) ಹಂಚುವವರ ಮೇಲೆ ಒಂದು ದೂರು ಇದೆ. ಜಾಗ ಉಳಿಸಲು ಡೆಬಿಯನ್ ಬಳಗದ ಪ್ಯಾಕೇಜ್ ಸಲಕರಣೆ ಡಿಪಿಕೆಜಿಯ ಸೆಟ್ಟಿಂಗಿನಲ್ಲಿ ಪಾತ್-ಎಕ್ಸ್‌ಕ್ಲೂಡ್ ಸಾಲು ಹಾಕಿ ಎಂಒ ಫೈಲುಗಳನ್ನೇ ಕೈಬಿಟ್ಟಿರುತ್ತಾರೆ. ಪ್ಯಾಕೇಜ್ ಹಾಕಿದರೆ ಎಲ್ಲ ಸುಸೂತ್ರ ಎನ್ನುತ್ತದೆ, ಫೋಲ್ಡರ್ ಮಾತ್ರ ಖಾಲಿ. ಮೊದಲ ಬಲಿ ಇಂಗ್ಲಿಷೇತರ ಭಾಷೆಗಳೇ ಆಗುವುದು ಬೇಸರದ ಸಂಗತಿ. ಆ ಸಾಲು ಅಳಿಸಿ ಪ್ಯಾಕೇಜನ್ನು ಮರುಸ್ಥಾಪಿಸಿದರೆ ಫೈಲುಗಳು ಬರುತ್ತವೆ.

ಮುಂದೆ ಕೈ ಹಾಕಬೇಕಿರುವುದು ವಿಭಕ್ತಿಗೆ. ‘%ಎಸ್ ಅನ್ನು ತೆರೆಯಲಾಗಲಿಲ್ಲ’ ಎಂದು ಬರೆದರೆ %ಎಸ್ ಜಾಗಕ್ಕೆ ಬರುವ ಫೈಲ್ ಹೆಸರಿನ ಪಕ್ಕ ‘ಅನ್ನು’ ಒಂಟಿಯಾಗಿ ನೇತಾಡುತ್ತದೆ. ಸದ್ಯಕ್ಕೆ ‘%ಎಸ್ ಎಂಬ ಕಡತವನ್ನು ತೆರೆಯಲಾಗಲಿಲ್ಲ’ ಎಂದು ದಾಟಿಕೊಂಡಿದ್ದೇವೆ. ಬಳಕೆದಾರ ಕೊಟ್ಟ ಹೆಸರಿಗೆ ಇದೇ ಸರಿಯಾದ ದಾರಿ. ಆದರೆ ಪ್ರೋಗ್ರಾಮಿನದೇ ಪದಗಳಿಗೆ ಇದಕ್ಕಿಂತ ಚೆನ್ನಾಗಿ ಮಾಡಬಹುದು. 2019ರಲ್ಲಿ 1.0 ಆದ ಮೊಜಿಲ್ಲಾದ ಅನುವಾದ ವ್ಯವಸ್ಥೆ ಫ್ಲೂಯೆಂಟ್‌ನಲ್ಲಿ ಒಂದು ಪದಕ್ಕೆ ವಿಭಕ್ತಿವಾರು ರೂಪಗಳನ್ನು ಅನುವಾದಕರೇ ಫೈಲಿನೊಳಗೆ ಬರೆದಿಡಬಹುದು, ಕೋಡ್ ಮುಟ್ಟಬೇಕಿಲ್ಲ. ಮೊದಲ ಪ್ರಯೋಗಕ್ಕೆ ಆರಿಸಿರುವ ಪದ ‘ಸಂಗ್ರಹ’: ಸಂಗ್ರಹವನ್ನು, ಸಂಗ್ರಹಕ್ಕೆ, ಸಂಗ್ರಹದಿಂದ, ಸಂಗ್ರಹದಲ್ಲಿ.